ಪ್ರಸಾದಿಯ ಅವಧಾನ, ಕಚೇರಿಯ ಧ್ಯಾನ



ಷಟ್‌ಸ್ಥಲ ವಿವೇಚನೆಯ ಈ ಬರಹಮಾಲೆಯಲ್ಲಿ ಭಕ್ತಸ್ಥಲದ ಶ್ರದ್ಧಾಭಕ್ತಿಯನ್ನೂ ಮಾಹೇಶ್ವರಸ್ಥಲದ ನಿಷ್ಠಾಭಕ್ತಿಯನ್ನೂ ಕುರಿತು ಈಗಾಗಲೇ ಚಿಂತಿಸಿದ್ದೇವೆ. ಮೂರನೆಯದು ಪ್ರಸಾದಿಸ್ಥಲ. ಇದಕ್ಕೆ ನಮ್ಮ ಹಿರಿಯರು ಹೇಳಿದ ಭಕ್ತಿಯು ಅವಧಾನಭಕ್ತಿ. ಅವಧಾನವೆಂದರೆ ಎಚ್ಚರ, ಮನಸ್ಸು ಚೆದುರದೆ ಇದ್ದಲ್ಲಿ ಇರುವಿಕೆ. ಕಣ್ಣಿಗೆ ಕಂಡ ರೂಪ, ಕಿವಿಗೆ ಬಿದ್ದ ನುಡಿ, ನಾಲಗೆಗೆ ಬಂದ ರುಚಿ, ಮೈಗೆ ತಾಗಿದ ಗಾಳಿ ಇವಾವುದನ್ನೂ ಮರೆವಿನಲ್ಲಿ ಭೋಗಿಸದೆ, ಮೊದಲು ಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವೆಂದು ಸ್ವೀಕರಿಸುವವನೇ ಪ್ರಸಾದಿ. ಅರ್ಪಿಸುವುದಕ್ಕೆ ಎಚ್ಚರ ಬೇಕು. ಎಚ್ಚರ ತಪ್ಪಿದ ಕ್ಷಣದಲ್ಲಿ ಅದು ಅನರ್ಪಿತವಾಗುತ್ತದೆ. ಆದ್ದರಿಂದಲೇ ಈ ಸ್ಥಲದ ವಚನಗಳಲ್ಲಿ ಶರಣರು ತಮ್ಮ ಮೇಲೆ ತಾವೇ ಅಷ್ಟೊಂದು ಕಟ್ಟುನಿಟ್ಟಾಗಿ ಕಾವಲು ಕುಳಿತಿರುವುದನ್ನು ಕಾಣುತ್ತೇವೆ.

ಇತ್ತೀಚಿನ ವರ್ಷಗಳಲ್ಲಿ ಮಠಕ್ಕೆ ಬರುವ ತರುಣ ಭಕ್ತರಲ್ಲಿ ಹಲವರು ಒಂದು ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಅವರು ಬೆಂಗಳೂರಿನ ತಂತ್ರಾಂಶ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ, ಕೆಲವರು ಹೊರದೇಶಗಳಲ್ಲಿ ಕೆಲಸ ಮಾಡುವವರು. ಅವರ ಕಚೇರಿಗಳಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಹೆಸರಿನ ತರಬೇತಿ ನಡೆಯುತ್ತದೆ. ಕಣ್ಣು ಮುಚ್ಚಿ ಉಸಿರನ್ನು ಗಮನಿಸಲು ಹೇಳುತ್ತಾರೆ, ಒತ್ತಡ ಕಡಿಮೆಯಾಗುವುದೆಂದು ಹೇಳುತ್ತಾರೆ. ಲಿಂಗಧಾರಿಗಳಾದ ನಾವು ಇದನ್ನು ಮಾಡಬಹುದೇ? ಇದು ನಮ್ಮ ಅವಧಾನವೇ, ಬೇರೆಯೇ? ಪ್ರಶ್ನೆ ಯೋಗ್ಯವಾದದ್ದು. ಆದರೆ ಹೌದು ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಮೊದಲು, ಈ ಸಾಧನೆ ಎಲ್ಲಿಂದ ಹೊರಟು, ಯಾರ ಯಾರ ಕೈಯನ್ನು ದಾಟಿ, ಕಚೇರಿಯ ಸಭಾಕೊಠಡಿಗೆ ಬಂದು ಕುಳಿತಿತೆಂಬ ಚರಿತ್ರೆಯನ್ನು ತಿಳಿಯುವುದು ಒಳಿತು. ಆ ಚರಿತ್ರೆ ನಾವು ಭಾವಿಸಿರುವುದಕ್ಕಿಂತ ಹೆಚ್ಚು ಸ್ವಾರಸ್ಯಕರವಾಗಿದೆ.

ಮೊದಲು ಶಬ್ದದ ವಿಚಾರ. ಪಾಳಿ ಭಾಷೆಯಲ್ಲಿ 'ಸತಿ' ಎಂಬ ಮಾತಿದೆ. ನಮ್ಮ ಸಂಸ್ಕೃತದ 'ಸ್ಮೃತಿ'ಯೇ ಅದು. ಮರೆಯದಿರುವಿಕೆ ಎಂಬುದು ಅದರ ಮೂಲಾರ್ಥ. ಸಿಂಹಳದಲ್ಲಿ ಬ್ರಿಟಿಷ್ ಆಡಳಿತ ಸೇವೆಯಲ್ಲಿದ್ದು, ಅಲ್ಲಿ ಪಾಳಿ ಕಲಿತು ಇಂಗ್ಲೆಂಡಿಗೆ ಮರಳಿದ ಟಿ. ಡಬ್ಲ್ಯು. ರೀಸ್ ಡೇವಿಡ್ಸ್ ಎಂಬ ವಿದ್ವಾಂಸರು 1881ರಲ್ಲಿ ಪ್ರಕಟಿಸಿದ ಬೌದ್ಧ ಸುತ್ತಗಳ ಅನುವಾದದಲ್ಲಿ ಈ ಮಾತಿಗೆ 'ಮೈಂಡ್‌ಫುಲ್‌ನೆಸ್' ಎಂಬ ಇಂಗ್ಲಿಷ್ ಪದವನ್ನು ಬಳಸಿದರು. ಅದೇ ಉಳಿಯಿತು. ಬುದ್ಧನು ಹೇಳಿದ ಅಷ್ಟಾಂಗಮಾರ್ಗದಲ್ಲಿ ಸಮ್ಯಕ್ ಸ್ಮೃತಿಯು ಏಳನೆಯ ಅಂಗ. ಅದಕ್ಕಿಂತ ಮೊದಲು ಸಮ್ಯಕ್ ವಾಕ್, ಸಮ್ಯಕ್ ಕರ್ಮ, ಸಮ್ಯಕ್ ಆಜೀವ ಎಂಬುವು ಬರುತ್ತವೆ. ಆಜೀವವೆಂದರೆ ಹೊಟ್ಟೆಪಾಡಿನ ದಾರಿ. ಅನ್ನ ಸಂಪಾದಿಸುವ ಬಗೆ ಶುದ್ಧವಾಗಿರಬೇಕೆಂಬುದು ಸ್ಮೃತಿಗಿಂತ ಮುಂಚೆಯೇ ಬರುವ ಅಂಗವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಅವಧಾನವೂ ಶ್ರದ್ಧೆ ನಿಷ್ಠೆಗಳ ಬಳಿಕವೇ ಬರುತ್ತದೆ. ಬುದ್ಧನ ಮಾರ್ಗವೂ ಶರಣರ ಮಾರ್ಗವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಲಿಂಗವಿಲ್ಲದ ಸಾಧನೆಗೂ ಲಿಂಗಾಂಗಸಾಮರಸ್ಯಕ್ಕೂ ಇರುವ ಅಂತರ ಚಿಕ್ಕದಲ್ಲ. ಆದರೆ ಎಚ್ಚರವನ್ನು ಮೆಟ್ಟಿಲಿನಿಂದ ಕಿತ್ತು ಬಿಡಿಯಾಗಿ ಇಡಲಾಗದೆಂಬುದರಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ.

ಬಹು ಶತಮಾನಗಳ ಕಾಲ ಈ ಸ್ಮೃತಿಸಾಧನೆ ಹೆಚ್ಚಾಗಿ ಭಿಕ್ಷುಗಳ ಸೊತ್ತಾಗಿತ್ತು. ಗೃಹಸ್ಥರು ದಾನ ಕೊಟ್ಟು, ಶೀಲ ಪಾಲಿಸಿ, ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಅದು ಜನಸಾಮಾನ್ಯರ ಬಳಿಗೆ ಬಂದದ್ದು ಬರ್ಮಾ ದೇಶದಲ್ಲಿ, ಅದೂ ಒಂದು ಆಪತ್ತಿನ ಕಾಲದಲ್ಲಿ. 1885ರಲ್ಲಿ ಬ್ರಿಟಿಷರು ಮಂಡಾಲೆಯನ್ನು ವಶಪಡಿಸಿಕೊಂಡು ಅಲ್ಲಿಯ ಕೊನೆಯ ಅರಸ ಥೀಬಾನನ್ನು ನಮ್ಮ ನೆರೆಯ ಕೊಂಕಣದ ರತ್ನಾಗಿರಿಗೆ ಗಡಿಪಾರು ಮಾಡಿದರು. ಧರ್ಮವನ್ನು ಪೋಷಿಸುವ ಅರಸನೇ ಇಲ್ಲವಾದ ಮೇಲೆ ಧರ್ಮ ಉಳಿಯುವುದು ಹೇಗೆ ಎಂಬ ಚಿಂತೆ ಬರ್ಮೀಯರನ್ನು ಕಾಡಿತು. ಆಗ ಲೇಡಿ ಸಯಾಡೊ (1846-1923) ಎಂಬ ಮಹಾಭಿಕ್ಷುಗಳು ಊರೂರು ಸುತ್ತಿ, ಸರಳ ಬರ್ಮೀ ಭಾಷೆಯಲ್ಲಿ ಪುಸ್ತಕಗಳನ್ನು ಬರೆದು, ರೈತರಿಗೂ ವ್ಯಾಪಾರಿಗಳಿಗೂ ಶಾಸ್ತ್ರವನ್ನೂ ಧ್ಯಾನವನ್ನೂ ಕಲಿಸತೊಡಗಿದರು. ಪಂಡಿತರ ಭಾಷೆಯಿಂದ ಜನರ ಭಾಷೆಗೆ, ಅರಮನೆಯ ಆಶ್ರಯದಿಂದ ಜನರ ಅಂಗಳಕ್ಕೆ ಎಂಬ ಈ ಚಲನೆಯನ್ನು ಕಂಡಾಗ ಕಲ್ಯಾಣದ ನೆನಪು ಬಾರದೆ ಇರದು.

ಲೇಡಿ ಸಯಾಡೊ ಅವರ ಶಿಷ್ಯರಲ್ಲಿ ಸಯಾ ಥೆಟ್‌ಜಿ ಎಂಬವರು ಭಿಕ್ಷುವಲ್ಲ, ರಂಗೂನಿನ ಹತ್ತಿರದ ಹಳ್ಳಿಯೊಂದರ ರೈತರು. ಅವರ ಬಳಿಗೆ 1937ರಲ್ಲಿ ಒಬ್ಬ ಸರಕಾರಿ ಲೆಕ್ಕಿಗರು ಬಂದರು. ಹೆಸರು ಊ ಬಾ ಖಿನ್. ಈ ಮಹನೀಯರ ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಏಕೆಂದರೆ ಕಚೇರಿಯೊಳಗಿನ ಧ್ಯಾನವೆಂಬುದು ಅಮೆರಿಕದ ಹೊಸ ಕಲ್ಪನೆಯೆಂದು ಇಂದಿನ ತರುಣರು ತಿಳಿದಿದ್ದಾರೆ. ಅದಕ್ಕಿಂತ ಎಷ್ಟೋ ಮೊದಲು ಅದು ನಡೆದದ್ದು ರಂಗೂನಿನ ಸರಕಾರಿ ಲೆಕ್ಕಪತ್ರ ಕಚೇರಿಯಲ್ಲಿ.

ಊ ಬಾ ಖಿನ್ ಅವರು 1899ರ ಮಾರ್ಚ್ 6ರಂದು ರಂಗೂನಿನಲ್ಲಿ ಜನಿಸಿದರು. ಓದಿನಲ್ಲಿ ಮುಂದಿದ್ದರೂ ಬಡತನದಿಂದಾಗಿ ಕಾಲೇಜಿಗೆ ಹೋಗಲಾಗದೆ ಗುಮಾಸ್ತರಾಗಿ ಅಕೌಂಟೆಂಟ್ ಜನರಲ್ ಕಚೇರಿಯನ್ನು ಸೇರಿದರು. ಪರೀಕ್ಷೆಗಳನ್ನು ಕಟ್ಟಿ ಮೇಲೇರಿದರು. 1937ರ ಜನವರಿ 1ರಂದು, ಥೆಟ್‌ಜಿಯವರ ಶಿಷ್ಯರೊಬ್ಬರು ಹೇಳಿಕೊಟ್ಟಂತೆ ಉಸಿರಿನ ಮೇಲೆ ಗಮನವಿಟ್ಟು ಕುಳಿತು ನೋಡಿದರು. ಕೆಲವೇ ದಿನಗಳಲ್ಲಿ ಗುರುವಿನ ಹಳ್ಳಿಯನ್ನು ಹುಡುಕಿಕೊಂಡು ಹೊರಟರು. 1948ರ ಜನವರಿ 4ರಂದು ಬರ್ಮಾ ಸ್ವತಂತ್ರವಾದಾಗ ಆ ದೇಶದ ಮೊದಲ ಅಕೌಂಟೆಂಟ್ ಜನರಲ್ ಆದವರು ಇವರೇ.

ಹೊಸದಾಗಿ ಸ್ವತಂತ್ರವಾದ, ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ದೇಶದ ಖಜಾನೆಯ ಲೆಕ್ಕ ಇಡುವುದು ಎಂತಹ ಕೆಲಸವೆಂಬುದನ್ನು ಊಹಿಸಬಹುದು. ಊ ಬಾ ಖಿನ್ ಅವರು ತಮ್ಮ ಕಚೇರಿಯಲ್ಲೇ ಧ್ಯಾನಕ್ಕೆ ಸ್ಥಳ ಮಾಡಿ, ಆಸಕ್ತರಾದ ನೌಕರರಿಗೆ ತಾವೇ ಕಲಿಸಿದರು. 1950ರಲ್ಲಿ ಆ ಕಚೇರಿಯ ನೌಕರರದೇ ಒಂದು ವಿಪಶ್ಯನಾ ಸಂಘ ಸ್ಥಾಪನೆಯಾಯಿತು. 1952ರಲ್ಲಿ ರಂಗೂನಿನ ಇನ್ಯಾ ಮ್ಯಾಯಿಂಗ್ ರಸ್ತೆಯಲ್ಲಿ ಅಂತರರಾಷ್ಟ್ರೀಯ ಧ್ಯಾನಕೇಂದ್ರ ತೆರೆಯಿತು. ಅದನ್ನು ಕಟ್ಟಿದವರು ಅರಸರಲ್ಲ, ಲೆಕ್ಕದ ಗುಮಾಸ್ತರು. ಬಳಿಕ ಸರಕಾರದ ಕೃಷಿ ಮಾರಾಟ ಮಂಡಳಿಯ ಹೊಣೆಯೂ ಇವರ ಮೇಲೆ ಬಂತು. ಅಕ್ಕಿಯ ವ್ಯಾಪಾರವನ್ನು ನಡೆಸುತ್ತಿದ್ದ ಆ ಮಂಡಳಿಯಲ್ಲಿ ಲಂಚಗುಳಿತನ ಬೇರೂರಿತ್ತು. ಒಂದೇ ಕಾಲಕ್ಕೆ ಎರಡು ಮೂರು ಇಲಾಖೆಗಳನ್ನು ನೋಡಿಕೊಳ್ಳುತ್ತ, ಬೆಳಗ್ಗೆ ಸಂಜೆ ಧ್ಯಾನ ಕಲಿಸುತ್ತ ಅವರು 1967ರವರೆಗೂ ಸರಕಾರಿ ಸೇವೆಯಲ್ಲಿದ್ದರು. 1971ರ ಜನವರಿಯಲ್ಲಿ ನಿಧನರಾದರು.

ಶರಣಬಂಧುಗಳೇ, ಬಿಜ್ಜಳನ ಭಂಡಾರವನ್ನು ನೋಡಿಕೊಂಡ ನಮ್ಮ ಬಸವಣ್ಣನವರನ್ನು ನೆನೆಯದೆ ಈ ಜೀವನವೃತ್ತಾಂತವನ್ನು ಓದುವುದು ಹೇಗೆ? ಅಲ್ಲಿಯೂ ಭಂಡಾರ, ಅಲ್ಲಿಯೂ ಲೆಕ್ಕ, ಅಲ್ಲಿಯೂ ಅಪವಾದ ಹೊರಿಸಲು ಕಾದು ಕುಳಿತ ಜನ. ಪರಧನವನ್ನು ಮುಟ್ಟದ ಕೈಯೇ ಲಿಂಗವನ್ನು ಹಿಡಿಯುವ ಕೈ ಎಂಬುದನ್ನು ಬಸವಣ್ಣನವರು ಬಾಳಿ ತೋರಿದರು. ಊ ಬಾ ಖಿನ್ ಅವರ ಕಚೇರಿಯಲ್ಲಿಯೂ ಧ್ಯಾನಕ್ಕೆ ಕುಳಿತುಕೊಳ್ಳುವ ಮೊದಲು ಪಂಚಶೀಲವನ್ನು ಸ್ವೀಕರಿಸಬೇಕಾಗಿತ್ತು. ಕದಿಯಬಾರದು, ಸುಳ್ಳಾಡಬಾರದು ಎಂಬುವು ಅದರಲ್ಲಿ ಸೇರಿದ್ದವು. ಲೆಕ್ಕದ ಕಚೇರಿಯಲ್ಲಿ ಈ ಎರಡು ವ್ರತಗಳ ಭಾರ ಎಷ್ಟೆಂಬುದನ್ನು ಸರಕಾರಿ ನೌಕರಿಯಲ್ಲಿರುವ ನಮ್ಮ ಭಕ್ತರು ಬಲ್ಲರು!

ಇನ್ನೊಂದು ಪ್ರಸಂಗ. ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ, ಮಾರವಾಡಿ ಮೂಲದ ಸತ್ಯನಾರಾಯಣ ಗೋಯೆಂಕಾ ಎಂಬ ಉದ್ಯಮಿಗೆ ತಡೆಯಲಾರದ ಅರೆತಲೆನೋವು. ನೋವಿಗೆ ಮಾರ್ಫಿನ್ ಚುಚ್ಚಿಸಿಕೊಳ್ಳಬೇಕಾಗಿತ್ತು. ಹೊರದೇಶಗಳ ವೈದ್ಯರಿಂದಲೂ ಗುಣ ಕಾಣಲಿಲ್ಲ. 1955ರಲ್ಲಿ ಅವರು ಊ ಬಾ ಖಿನ್ ಅವರ ಬಳಿಗೆ ಬಂದು, ನಿಮ್ಮ ಧ್ಯಾನದಿಂದ ತಲೆನೋವು ಹೋಗುವುದೆಂದು ಕೇಳಿ ಬಂದಿದ್ದೇನೆ ಎಂದರು. ಗುರುಗಳು ಒಪ್ಪಲಿಲ್ಲ. ದೇಹದ ಬೇನೆ ಕಳೆಯುವುದಕ್ಕೆ ಆಸ್ಪತ್ರೆಗಳಿವೆ, ಧರ್ಮವಿರುವುದು ಮನಸ್ಸಿನ ಮಲವನ್ನು ಕಳೆಯುವುದಕ್ಕೆ, ಅದು ಬೇಕಿದ್ದರೆ ಬಾ, ಬೇನೆ ಹೋದರೆ ಅದು ಜೊತೆಗೆ ಬಂದ ಫಲ ಎಂಬ ಅರ್ಥದ ಮಾತನ್ನು ಹೇಳಿ ಹಿಂದಕ್ಕೆ ಕಳುಹಿಸಿದರು. ಗೋಯೆಂಕಾ ಅವರೇ ಇದನ್ನು ತಮ್ಮ ಉಪನ್ಯಾಸಗಳಲ್ಲಿ ಅನೇಕ ಸಲ ಹೇಳಿದ್ದಾರೆ. ಕೊನೆಗೆ ಉದ್ದೇಶವನ್ನು ತಿದ್ದಿಕೊಂಡು ಬಂದು ಕಲಿತರು. ತಲೆನೋವೂ ಹೋಯಿತು.

ಈ ಪ್ರಸಂಗವನ್ನು ಎತ್ತಿ ಹೇಳಲು ಕಾರಣವಿದೆ. ತಲೆನೋವಿಗಾಗಿ ಧ್ಯಾನವನ್ನು ಕೊಡಲಾರೆ ಎಂದ ಗುರುವಿನ ಪರಂಪರೆಯಿಂದಲೇ, ಕಾಲು ಶತಮಾನ ಕಳೆಯುವುದರೊಳಗೆ, ನೋವಿಗಾಗಿಯೇ ಧ್ಯಾನವನ್ನು ಕೊಡುವ ಪದ್ಧತಿ ಹುಟ್ಟಿತು.

ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಮುಂಬಯಿಯಲ್ಲಿ ಮೊದಲ ಶಿಬಿರ ನಡೆಸಿದರು. ಇಗತ್‌ಪುರಿಯ ಕೇಂದ್ರ, 1975ರಲ್ಲಿ ಜಯಪುರದ ಸೆರೆಮನೆಯಲ್ಲಿ ನಡೆದ ಶಿಬಿರ, 1994ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಕುಳಿತ ಶಿಬಿರ, ಇವು ವಾಚಕರಿಗೆ ತಿಳಿದಿರಬಹುದು. ನಮ್ಮಲ್ಲಿ ಬೆಂಗಳೂರಿನ ತುಮಕೂರು ರಸ್ತೆಯ ಆಲೂರಿನ ಬಳಿಯೂ ಒಂದು ಕೇಂದ್ರವಿದೆ. ಹತ್ತು ದಿನದ ಊಟ ವಸತಿ ಕಲಿಕೆ ಯಾವುದಕ್ಕೂ ಶುಲ್ಕವಿಲ್ಲ. ಹಿಂದೆ ಕಲಿತವರು ಕೊಟ್ಟ ದಾನದಿಂದ ಮುಂದೆ ಬರುವವರ ಶಿಬಿರ ನಡೆಯುತ್ತದೆ. ದಾಸೋಹದ ಅನ್ನವನ್ನುಂಡು ಬೆಳೆದ ನಮಗೆ ಈ ಏರ್ಪಾಟು ಹೊಸದೆನಿಸದು.

ಈಗ ಅಮೆರಿಕದ ಕಥೆ. ಜಾನ್ ಕಬಟ್-ಜಿನ್ ಎಂಬವರು ಅಣುಜೀವವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ವಿಜ್ಞಾನಿಗಳು. ಕೊರಿಯಾದ ಝೆನ್ ಗುರುಗಳಲ್ಲಿಯೂ ಮ್ಯಾಸಚೂಸೆಟ್ಸ್ ರಾಜ್ಯದ ಬ್ಯಾರಿ ಎಂಬಲ್ಲಿಯ ವಿಪಶ್ಯನಾ ಕೇಂದ್ರದಲ್ಲಿಯೂ ಸಾಧನೆ ಮಾಡಿದವರು. 1979ರಲ್ಲಿ ಅದೇ ರಾಜ್ಯದ ವುಸ್ಟರ್ ನಗರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದರು. ಅಲ್ಲಿಗೆ ಬಂದವರು ಔಷಧ, ಶಸ್ತ್ರಚಿಕಿತ್ಸೆ ಎಲ್ಲ ಮುಗಿದು, ಇನ್ನು ನಮ್ಮಿಂದಾಗದು ಎಂದು ವೈದ್ಯರು ಕೈಚೆಲ್ಲಿದ ದೀರ್ಘಬೇನೆಯ ರೋಗಿಗಳು. ಎಂಟು ವಾರಗಳ ಕ್ರಮ. ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ಮನೆಯಲ್ಲಿ ದಿನವೂ ಮುಕ್ಕಾಲು ಗಂಟೆಯ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ. ಮಲಗಿಕೊಂಡು ಅಂಗಾಲಿನಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಗಮನಿಸುತ್ತ ಹೋಗುವ ಅಭ್ಯಾಸ ಅದರಲ್ಲಿ ಮುಖ್ಯವಾದದ್ದು. ಅದು ಊ ಬಾ ಖಿನ್ ಪರಂಪರೆಯಿಂದ ಬಂದದ್ದೆಂದು ಕಬಟ್-ಜಿನ್ ಅವರೇ ಹೇಳಿದ್ದಾರೆ. ಅಂದರೆ ರಂಗೂನಿನ ಲೆಕ್ಕದ ಕಚೇರಿಯಲ್ಲಿ ಕಲಿಸುತ್ತಿದ್ದ ಸಾಧನೆಯ ಒಂದು ತುಂಡು ವುಸ್ಟರಿನ ಆಸ್ಪತ್ರೆಗೆ ಬಂದು ಮುಟ್ಟಿತು. ಬೌದ್ಧಧರ್ಮದ ಪರಿಭಾಷೆಯನ್ನು ಅವರು ಉದ್ದೇಶಪೂರ್ವಕವಾಗಿ ಬಿಟ್ಟರು. ಆಸ್ಪತ್ರೆಗೆ ಬರುವ ಎಲ್ಲ ಮತದವರಿಗೂ ಸಲ್ಲಬೇಕೆಂಬುದು ಕಾರಣ. ನೊಂದವರ ನೋವನ್ನು ಕಡಿಮೆ ಮಾಡುವ ಕೆಲಸವನ್ನು ದೂಷಿಸುವುದು ನಮ್ಮಿಂದಾಗದು. ದಯೆಯಿಲ್ಲದೆ ಧರ್ಮವಿಲ್ಲವೆಂದು ನಂಬಿದವರು ನಾವು. ಆದರೆ ಊ ಬಾ ಖಿನ್ ಅವರು ಇದಕ್ಕೆ ಏನೆನ್ನುತ್ತಿದ್ದರೋ ಎಂಬ ಪ್ರಶ್ನೆ ಮನಸ್ಸಿನಲ್ಲಿ ಉಳಿಯುತ್ತದೆ.

ಆ ತರಗತಿಯ ಮೊದಲ ಪಾಠಗಳಲ್ಲಿ ಒಂದು ಬಹಳ ಪ್ರಸಿದ್ಧವಾಗಿದೆ. ಕೈಗೆ ಒಂದು ಒಣದ್ರಾಕ್ಷಿಯನ್ನು ಕೊಡುತ್ತಾರೆ. ಅದನ್ನು ಮೊದಲ ಬಾರಿ ಕಂಡಂತೆ ನೋಡಬೇಕು, ಬೆರಳಿನಲ್ಲಿ ತಡವಬೇಕು, ಮೂಸಬೇಕು, ನಾಲಗೆಯ ಮೇಲಿಡಬೇಕು, ನಿಧಾನವಾಗಿ ಕಚ್ಚಬೇಕು, ಗಂಟಲಿಳಿಯುವವರೆಗೂ ಮನಸ್ಸು ಅದರಲ್ಲಿಯೇ ಇರಬೇಕು. ರೂಪ, ಸ್ಪರ್ಶ, ಗಂಧ, ರಸ ಎಲ್ಲವೂ ಬಂದವು. ಪ್ರಸಾದಿಸ್ಥಲವನ್ನು ಓದಿದವರಿಗೆ ಇದು ಎಷ್ಟು ಪರಿಚಿತ! ಕರಡಿಗೆಯ ಮುಂದೆ ಕುಳಿತು, ಪದಾರ್ಥವನ್ನು ಕಂಡು, ಮುಟ್ಟಿ, ಅರ್ಪಿಸಿ, ಆಮೇಲೆ ಬಾಯಿಗಿಡುತ್ತಿದ್ದ ನಮ್ಮ ಅಜ್ಜ ಅಜ್ಜಿಯರು ಮಾಡಿದ್ದು ಬಹುಪಾಲು ಇದನ್ನೇ. ಆದರೆ ಒಂದು ಹೆಜ್ಜೆ ಇಲ್ಲಿಲ್ಲ. ದ್ರಾಕ್ಷಿಯನ್ನು ಯಾರಿಗೂ ಅರ್ಪಿಸುವುದಿಲ್ಲ. ಅದು ಎಲ್ಲಿಂದ ಬಂತು, ಯಾರ ಬೆವರು ಅದರಲ್ಲಿದೆ ಎಂಬುದು ಕೇಳುವವರ ಇಚ್ಛೆಗೆ ಬಿಟ್ಟದ್ದು. ಪ್ರಸಾದಿಗೆ ಆ ಪ್ರಶ್ನೆಯೇ ಮೊದಲನೆಯದು. ಕಾಯಕದಿಂದ ಬಾರದ ಪದಾರ್ಥವು ಲಿಂಗಾರ್ಪಿತಕ್ಕೆ ಸಲ್ಲದು. ಎಷ್ಟು ಏಕಾಗ್ರತೆಯಿಂದ ತಿಂದರೂ ಅದು ಪ್ರಸಾದವಾಗದು.

ಆಸ್ಪತ್ರೆಯಿಂದ ಕಂಪನಿಗಳಿಗೆ ದಾರಿ ಹೇಗಾಯಿತು? ವಿಸ್ಕಾನ್‌ಸಿನ್ ರಾಜ್ಯದ ಮ್ಯಾಡಿಸನ್ ನಗರದಲ್ಲಿರುವ ಪ್ರೊಮೆಗಾ ಎಂಬ ಜೈವಿಕ ತಂತ್ರಜ್ಞಾನ ಕಂಪನಿಯ ನೌಕರರಿಗೆ ಈ ಎಂಟು ವಾರಗಳ ಕ್ರಮವನ್ನು ಕಲಿಸಿ, ರಿಚರ್ಡ್ ಡೇವಿಡ್‌ಸನ್, ಕಬಟ್-ಜಿನ್ ಮೊದಲಾದವರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಧ್ಯಾನ ಕಲಿತವರು 25 ಮಂದಿ, ಕಲಿಯದೆ ಕಾದವರು 16 ಮಂದಿ. ಕಲಿತವರ ಮಿದುಳಿನ ಚಟುವಟಿಕೆಯಲ್ಲಿ ವ್ಯತ್ಯಾಸ ಕಂಡಿತು, ಶೀತಜ್ವರದ ಲಸಿಕೆಗೆ ಅವರ ದೇಹ ಹೆಚ್ಚು ಬಲವಾಗಿ ಸ್ಪಂದಿಸಿತು ಎಂಬುದು ಅದರ ಸಾರ. 41 ಜನರ ಮೇಲೆ ನಡೆದ ಪುಟ್ಟ ಅಧ್ಯಯನವಾದರೂ ಅದರ ಕೀರ್ತಿ ಬಹುದೂರ ಹರಡಿತು. 2006ರಲ್ಲಿ ಮಿನಿಯಾಪೊಲಿಸ್ ನಗರದ ಜನರಲ್ ಮಿಲ್ಸ್ ಎಂಬ ಆಹಾರ ಕಂಪನಿಯಲ್ಲಿ ಅಧಿಕಾರಿಗಳಿಗೆ ಧ್ಯಾನದ ತರಬೇತಿ ಆರಂಭವಾಯಿತು. 2007ರಲ್ಲಿ ಗೂಗಲ್ ಕಂಪನಿಯ ಸಿಂಗಪುರ ಮೂಲದ ಎಂಜಿನಿಯರ್ ಚಾಡೆ-ಮೆಂಗ್ ಟಾನ್ ಅವರು 'ಸರ್ಚ್ ಇನ್‌ಸೈಡ್ ಯುವರ್‌ಸೆಲ್ಫ್' ಎಂಬ ತರಗತಿಯನ್ನು ತೆರೆದರು. ಹೊರಗೆ ಹುಡುಕುವ ಯಂತ್ರವನ್ನು ಕಟ್ಟಿದವರಿಗೆ ನಿಮ್ಮೊಳಗೆ ಹುಡುಕಿರಿ ಎಂದದ್ದು ಚಮತ್ಕಾರದ ಹೆಸರೇ ಸರಿ. ಇಲ್ಲಿ ಧ್ಯಾನವನ್ನು 'ಭಾವನಾತ್ಮಕ ಬುದ್ಧಿಮತ್ತೆ' ಎಂಬ, ಡೇನಿಯಲ್ ಗೋಲ್‌ಮನ್ ಅವರ ಪುಸ್ತಕದಿಂದ ಜನಪ್ರಿಯವಾದ ಕಲ್ಪನೆಯೊಡನೆ ಜೋಡಿಸಲಾಯಿತು. ಸಹೋದ್ಯೋಗಿಗಳೊಡನೆ ಹೊಂದಿ ನಡೆಯುವುದು, ನಾಯಕತ್ವ, ಯಶಸ್ಸು ಇವು ಗುರಿಗಳಾದವು. ಬೆಂಗಳೂರಿನ ಕಚೇರಿಗಳಲ್ಲಿ ಇಂದು ನಡೆಯುವ ತರಬೇತಿಗಳು ಬಹುಮಟ್ಟಿಗೆ ಈ ಎರಡು ಮಾದರಿಗಳ ಸಂತಾನವೆನ್ನಬಹುದು.

ಗುರಿ ಎರಡು ಸಲ ಬದಲಾದದ್ದನ್ನು ಗಮನಿಸಿರಿ. ರಂಗೂನಿನಲ್ಲಿ ಚಿತ್ತಶುದ್ಧಿ. ವುಸ್ಟರಿನಲ್ಲಿ ನೋವಿನ ಉಪಶಮನ. ಕ್ಯಾಲಿಫೋರ್ನಿಯಾದಲ್ಲಿ ಕಾರ್ಯದಕ್ಷತೆ. ಉಸಿರು ಅದೇ, ಕುಳಿತುಕೊಳ್ಳುವ ಬಗೆ ಬಹುತೇಕ ಅದೇ.

ಇದನ್ನು ಮೊದಲು ತೀಕ್ಷ್ಣವಾಗಿ ಪ್ರಶ್ನಿಸಿದವರು ಹೊರಗಿನವರಲ್ಲ, ಬೌದ್ಧ ಸಾಧಕರೇ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಿರ್ವಹಣಾಶಾಸ್ತ್ರದ ಪ್ರಾಧ್ಯಾಪಕರಾದ ರೊನಾಲ್ಡ್ ಪರ್ಸರ್ ಮತ್ತು ಝೆನ್ ಆಚಾರ್ಯ ಡೇವಿಡ್ ಲಾಯ್ 2013ರಲ್ಲಿ ಬರೆದ ಲೇಖನದಲ್ಲಿ ಇದನ್ನು 'ಮ್ಯಾಕ್‌ಮೈಂಡ್‌ಫುಲ್‌ನೆಸ್' ಎಂದು ಕರೆದರು. ದಿಢೀರ್ ತಿನಿಸಿನ ಅಂಗಡಿಯ ಹೆಸರನ್ನು ಧ್ಯಾನಕ್ಕೆ ಅಂಟಿಸಿದ ಮಾತದು. ಅವರ ಆಕ್ಷೇಪ ಇಷ್ಟೇ: ಒತ್ತಡಕ್ಕೆ ಕಾರಣ ಕೆಲಸದ ವ್ಯವಸ್ಥೆಯಲ್ಲಿದ್ದರೂ, ಅದನ್ನು ನೌಕರನ ಮನಸ್ಸಿನ ದೋಷವೆಂದು ತೋರಿಸಿ, ನೀನೇ ಸರಿಪಡಿಸಿಕೋ ಎಂದು ಹೇಳುವುದಕ್ಕೆ ಧ್ಯಾನ ನೆವವಾಗುತ್ತಿದೆ. 2014ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಒಂದು ಸಮ್ಮೇಳನದಲ್ಲಿ ಗೂಗಲ್ ಪ್ರತಿನಿಧಿಗಳು ಧ್ಯಾನದ ಬಗ್ಗೆ ಮಾತನಾಡಲು ತೊಡಗಿದಾಗ, ಬಾಡಿಗೆ ಮನೆಗಳಿಂದ ಹೊರಹಾಕಲ್ಪಡುತ್ತಿದ್ದ ಬಡವರ ಪರವಾಗಿ ಕೆಲವರು ಬಟ್ಟೆಯ ಫಲಕ ಹಿಡಿದು ವೇದಿಕೆ ಹತ್ತಿದರು. ಕಂಪನಿಗಳ ಸಂಬಳದಿಂದ ಊರಿನ ಬಾಡಿಗೆ ಏರಿ ಹಳಬರು ಬೀದಿಗೆ ಬೀಳುತ್ತಿದ್ದಾರೆಂಬುದು ಅವರ ಅಳಲು. ಅವರನ್ನು ಇಳಿಸಿ ಕಳುಹಿಸಿದ ಬಳಿಕ, ಭಿನ್ನಾಭಿಪ್ರಾಯದ ನಡುವೆ ನಿಮ್ಮ ದೇಹದಲ್ಲಿ ಏನಾಗುತ್ತಿದೆ ಎಂಬುದನ್ನು ಗಮನಿಸಿರಿ ಎಂದು ಸಭೆಗೆ ಹೇಳಲಾಯಿತು. ಬಂದವರು ಹೇಳಿದ ಮಾತಿಗೆ ಉತ್ತರ ದೊರೆಯಲಿಲ್ಲ. 2021ರಲ್ಲಿ ಅಮೆಜಾನ್ ಕಂಪನಿಯು ತನ್ನ ಗೋದಾಮುಗಳ ಕೆಲಸಗಾರರಿಗಾಗಿ ಪುಟ್ಟ ಧ್ಯಾನಗೂಡನ್ನು ರೂಪಿಸಿ ಅದರ ಚಿತ್ರವನ್ನು ಪ್ರಕಟಿಸಿತು. ಗೋದಾಮಿನ ಕೆಲಸದ ವೇಗವನ್ನು ಬಲ್ಲ ಜನ ಅದನ್ನು ಗೇಲಿ ಮಾಡಿದರು. ಕಂಪನಿ ಆ ಪ್ರಕಟಣೆಯನ್ನು ಅಳಿಸಿತು.

ಫಲದ ವಿಚಾರದಲ್ಲಿಯೂ ಮಾತು ಒಂದೇ ಬಗೆಯಾಗಿಲ್ಲ. ಏಟ್ನಾ ಎಂಬ ವಿಮಾ ಕಂಪನಿಯ 239 ನೌಕರರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಯೋಗ ಕಲಿತವರಿಗೂ ಧ್ಯಾನ ಕಲಿತವರಿಗೂ ಒತ್ತಡ ತಗ್ಗಿ ನಿದ್ರೆ ಸುಧಾರಿಸಿತ್ತು. 2018ರ ಇನ್ನೊಂದು ಸಂಶೋಧನೆ ತಮಾಷೆಯಾಗಿದೆ. ಧ್ಯಾನ ಮಾಡಿ ಎದ್ದವರಿಗೆ, ಎದುರಿಗಿಟ್ಟ ಕೆಲಸವನ್ನು ಮಾಡಬೇಕೆಂಬ ಆತುರವೇ ಕುಗ್ಗಿತ್ತಂತೆ. ಕೆಲಸದ ಗುಣಮಟ್ಟವೇನೋ ಕುಗ್ಗಿರಲಿಲ್ಲ. ಆಸೆಯನ್ನು ತಗ್ಗಿಸಲೆಂದೇ ಹುಟ್ಟಿದ ಸಾಧನೆ ಆಸೆಯನ್ನು ತಗ್ಗಿಸಿದರೆ ಆಶ್ಚರ್ಯವೇನು? 2024ರಲ್ಲಿ ಬ್ರಿಟನ್ನಿನ ವಿಲಿಯಂ ಫ್ಲೆಮಿಂಗ್ ಅವರು 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿದರು. ಧ್ಯಾನ, ಒತ್ತಡ ನಿರ್ವಹಣೆ, ಆರೋಗ್ಯದ ಆ್ಯಪ್ ಮೊದಲಾದ ವೈಯಕ್ತಿಕ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರು, ಭಾಗವಹಿಸದವರಿಗಿಂತ ಹೆಚ್ಚು ನೆಮ್ಮದಿಯಿಂದೇನೂ ಇರಲಿಲ್ಲ. ಒಂದಕ್ಕೆ ಮಾತ್ರ ವಿನಾಯಿತಿ. ಪರರ ಸೇವೆಗೆ ಸ್ವಯಂಪ್ರೇರಣೆಯಿಂದ ಹೋಗುವ ಅವಕಾಶ ದೊರೆತವರು ಹೆಚ್ಚು ನೆಮ್ಮದಿಯಲ್ಲಿರುವಂತೆ ಕಂಡಿತು. ದಾಸೋಹಕ್ಕೆ ಸಂಖ್ಯಾಶಾಸ್ತ್ರದ ಸಾಕ್ಷ್ಯ ಬೇಕೆಂದು ನಾವೇನೂ ಕಾದಿರಲಿಲ್ಲವಾದರೂ, ಓದಿದಾಗ ಸಂತೋಷವಾದದ್ದು ನಿಜ.

ಮೇಲೆ ಹೇಳಿದ ಏಟ್ನಾ ಕಂಪನಿಯ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ನ್ಯಾಯವಾಗದು. ಅದರ ಅಂದಿನ ಮುಖ್ಯಸ್ಥ ಮಾರ್ಕ್ ಬರ್ಟೊಲಿನಿ 2004ರ ಹಿಮಜಾರಾಟದ ಅಪಘಾತದಲ್ಲಿ ಕತ್ತು ಮುರಿದುಕೊಂಡು, ಆ ನೋವಿನಿಂದಾಗಿ ಯೋಗ ಧ್ಯಾನಗಳಿಗೆ ಬಂದವರು. ನೌಕರರಿಗೂ ಅದನ್ನು ಕಲಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 2015ರಲ್ಲಿ ತಮ್ಮ ಕಂಪನಿಯ ಅತಿ ಕಡಿಮೆ ಸಂಬಳದವರ ಕೂಲಿಯನ್ನು ಗಂಟೆಗೆ 16 ಡಾಲರಿಗೆ ಏರಿಸಿದರು. ಸುಮಾರು 5,700 ಮಂದಿಗೆ ಅದರ ಲಾಭ ಸಿಕ್ಕಿತು. ಕಣ್ಣು ಮುಚ್ಚಿ ಕುಳಿತವನಿಗೆ ಕಣ್ಣು ತೆರೆದಾಗ ಪಕ್ಕದವನ ಹಸಿವು ಕಂಡರೆ ಆ ಕುಳಿತುಕೊಳ್ಳುವಿಕೆಗೆ ನಾವು ಕೈಮುಗಿಯುತ್ತೇವೆ. ಹೀಗೆ ಕಂಡವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಈ ಕಾಯಕ ಮತ್ತು ಅರಿವಿನ ಸಂಬಂಧವನ್ನು ನಮ್ಮ ಶರಣರು ಎಂಟುನೂರು ವರ್ಷಗಳಿಗೂ ಹಿಂದೆಯೇ ಎರಡೂ ಕಡೆಯಿಂದ ಒರೆಗೆ ಹಚ್ಚಿ ನೋಡಿದ್ದಾರೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಹೋಗುತ್ತಾರೆ. ಅಲ್ಲಿ ಸಿದ್ಧರಾಮರು ಕೆರೆ ಕಟ್ಟಿಸುವ, ಗುಡಿ ಕಟ್ಟಿಸುವ ಕೆಲಸದಲ್ಲಿ ಮುಳುಗಿದ್ದರು. ಲೋಕಹಿತದ ಕೆಲಸವೇ. ಆದರೂ ತನ್ನನ್ನು ತಾನರಿಯದ ಕೆಲಸವೆಂದು ಪ್ರಭುಗಳು ಅದನ್ನು ಕಟುವಾಗಿ ಕೆಣಕಿದರು. ಅದೇ ಗ್ರಂಥದಲ್ಲಿ ಆಯ್ದಕ್ಕಿ ಮಾರಯ್ಯನವರು ಪ್ರಭುಗಳೊಡನೆ ಅನುಭಾವದ ಗೋಷ್ಠಿಯಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮೀರುತ್ತಾರೆ. ಎಚ್ಚರಿಸುವವರು ಪತ್ನಿ ಲಕ್ಕಮ್ಮನವರು. ಓಡಿಹೋಗಿ ಅಕ್ಕಿ ಆಯ್ದು ತಂದರೆ, ಅದು ನಿತ್ಯಕ್ಕಿಂತ ಹೆಚ್ಚಾಗಿದೆಯೆಂದು ಆ ತಾಯಿ ಹಿಂದಕ್ಕೆ ಸುರಿದು ಬರುವಂತೆ ಕಳುಹಿಸುತ್ತಾರೆ. ಅರಿವಿಲ್ಲದ ಕಾಯಕಕ್ಕೆ ಅಲ್ಲಮರ ಪೆಟ್ಟು, ಕಾಯಕ ಮರೆತ ಅರಿವಿಗೆ ಲಕ್ಕಮ್ಮನವರ ಪೆಟ್ಟು. ನುಲಿಯ ಚಂದಯ್ಯನವರಂತೂ ಹುಲ್ಲು ಕೊಯ್ಯುವಾಗ ಜಾರಿ ಬಿದ್ದ ಇಷ್ಟಲಿಂಗವನ್ನೇ ಬಿಟ್ಟು ಕಾಯಕಕ್ಕೆ ನಡೆದರು. ಲಿಂಗವೇ ಬೆನ್ನುಹತ್ತಿ ಬಂದು, ಮಡಿವಾಳ ಮಾಚಯ್ಯನವರು ನಡುವೆ ನಿಂತು ಒಪ್ಪಿಸಬೇಕಾಯಿತು ಎನ್ನುತ್ತದೆ ಪರಂಪರೆ.

ಅಳತೆ ಮೀರಿ ಬಂದ ಅಕ್ಕಿಯನ್ನು ಗುರುತಿಸಿದ್ದೇ ಲಕ್ಕಮ್ಮನವರ ಅವಧಾನ. ಸೆರಗಿನ ಭಾರ ಇಂದು ಏಕೆ ಹೆಚ್ಚಾಯಿತೆಂದು ಅವರು ಕೇಳಿದರು. ಕಂಪನಿಯ ತರಬೇತಿಯಲ್ಲಿ ಉಸಿರಿನ ಮೇಲೆ ಗಮನ ಕಲಿಸುತ್ತಾರೆ. ಸಂಬಳದ ಪಟ್ಟಿಯ ಮೇಲೆ, ಗುತ್ತಿಗೆಯ ಕೆಲಸಗಾರನ ಮೇಲೆ, ಲಾಭದ ಹೆಚ್ಚುವರಿಯ ಮೇಲೆ ಗಮನವಿಡುವ ಪಾಠ ಅಲ್ಲಿಲ್ಲ. 2023ರಲ್ಲಿ ಹಿರಿಯ ಉದ್ಯಮಿಯೊಬ್ಬರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರಲ್ಲಿ ನಮ್ಮ ರಾಜ್ಯದಲ್ಲಿಯೇ ತಂತ್ರಾಂಶ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾಪ ಕೇಳಿಬಂದು, ನೌಕರರ ಸಂಘಟನೆಗಳು ಅದನ್ನು ವಿರೋಧಿಸಿದವು. ಅದನ್ನು ಕಾಯಕತತ್ತ್ವದ ಹೆಸರಿನಲ್ಲಿ ಸಮರ್ಥಿಸುವವರನ್ನೂ ಕಂಡಿದ್ದೇವೆ. ಕಾಯಕವು ಮಾಡುವವನ ಸ್ವಂತ ಇಚ್ಛೆಯಿಂದ, ಲಿಂಗಪೂಜೆಗೂ ದಾಸೋಹಕ್ಕೂ ಅನುಭಾವಕ್ಕೂ ಎಡೆಯಿಟ್ಟು ನಡೆಯುವಂಥದ್ದು. ಮನೆಗೆ ಬಂದು ಕರಡಿಗೆ ಬಿಚ್ಚಲೂ ತ್ರಾಣ ಉಳಿಯದ ದುಡಿಮೆಯನ್ನು ಶರಣರು ಕಾಯಕವೆಂದು ಕರೆಯಲಿಲ್ಲ. ಪಂಚಾಚಾರಗಳಲ್ಲಿ ಸದಾಚಾರದ ಜೊತೆಗೆ ಗಣಾಚಾರವೂ ಇದೆ. ಅನ್ಯಾಯವನ್ನು ಉಸಿರು ಬಿಗಿಹಿಡಿದು ಸಹಿಸಿಕೊಳ್ಳುವುದು ಗಣಾಚಾರವಲ್ಲ.

ಇನ್ನು ಭಕ್ತರ ಪ್ರಶ್ನೆಗೆ ಬರೋಣ. ಕಚೇರಿಯಲ್ಲಿ ಉಸಿರನ್ನು ಗಮನಿಸಿ ಕುಳಿತುಕೊಳ್ಳಲು ಹೇಳಿದರೆ ಕುಳಿತುಕೊಳ್ಳಬಹುದು. ಅದರಲ್ಲಿ ಆಚಾರಭಂಗವೇನೂ ಇಲ್ಲ, ತಲೆನೋವು ತಗ್ಗಿದರೆ ಒಳ್ಳೆಯದೇ. ಕಡ್ಡಾಯ ಮಾಡಿದರೆ, ಬೇಡವೆನಿಸಿದವರು ವಿನಯದಿಂದ ಬೇಡವೆನ್ನಬಹುದು. ಊ ಬಾ ಖಿನ್ ಅವರೂ ಒಲ್ಲದವರನ್ನು ಕೂರಿಸಲಿಲ್ಲ. ಆದರೆ ಅದನ್ನು ಇಷ್ಟಲಿಂಗಾನುಸಂಧಾನಕ್ಕೆ ಬದಲಾಗಿ ಎಣಿಸಬಾರದು. ದೀಕ್ಷೆಯಲ್ಲಿ ಗುರು ಕರಸ್ಥಲಕ್ಕಿತ್ತ ಲಿಂಗವನ್ನು ದಿಟ್ಟಿಯಿಟ್ಟು ನೋಡುವ ಹೊತ್ತು ಯಾವ ಕಂಪನಿಯ ಲೆಕ್ಕಕ್ಕೂ ಸೇರಿದ್ದಲ್ಲ. ಬೆಳಗಿನ ಪಾಳಿ, ರಾತ್ರಿ ಪಾಳಿ ಎಂದು ಹೊತ್ತು ತಪ್ಪುವವರು, ಎದ್ದ ಹೊತ್ತನ್ನೇ ಪ್ರಾತಃಕಾಲವೆಂದು ತಿಳಿದು ಪೂಜೆ ಮಾಡಿಕೊಳ್ಳಲಿ. ಮಧ್ಯಾಹ್ನ ಕಚೇರಿಯ ಊಟದ ಮನೆಯಲ್ಲಿ ತಟ್ಟೆಯ ಮುಂದೆ ಕುಳಿತಾಗ ದೂರವಾಣಿಯನ್ನು ಪಕ್ಕಕ್ಕಿಟ್ಟು, ಎದೆಯ ಮೇಲಿನ ಲಿಂಗವನ್ನು ನೆನೆದು, ಅನ್ನವನ್ನು ಅರ್ಪಿಸಿ ಉಣ್ಣಲಿ. ಇದಕ್ಕೆ ತರಬೇತುದಾರರು ಬೇಕಿಲ್ಲ.

ಪ್ರಸಾದಿಸ್ಥಲದಲ್ಲಿ ಶುದ್ಧ, ಸಿದ್ಧ, ಪ್ರಸಿದ್ಧ ಎಂಬ ಪ್ರಸಾದತ್ರಯದ ವಿಚಾರ ಇನ್ನೂ ಉಳಿದಿದೆ. ಅದನ್ನು ಮುಂದಿನ ಬರಹದಲ್ಲಿ ನೋಡಿ, ಆಮೇಲೆ ಪ್ರಾಣಲಿಂಗಿಸ್ಥಲದ ಅನುಭಾವಭಕ್ತಿಗೆ ಹೋಗೋಣ.